ಖಾಲಿ ಕರುಳಿಗೆ ಮೊದಲ ಒಕ್ಕಲು

ಏಳು ತಿಂಗಳಿಗೆ ಹುಟ್ಟಿದ ಕೂಸು ಉಳಿದೀತು, ಎಂಟಕ್ಕೆ ಹುಟ್ಟಿದ್ದು ಉಳಿಯದು ಎಂದು ಹಿರಿಯರು ಹೇಳುವುದನ್ನು ಬಹಳ ಮಂದಿ ಕೇಳಿರಬಹುದು. ಇದು ನಮ್ಮ ಅಜ್ಜಿಯರು ಮಾತ್ರ ಕಟ್ಟಿದ ಮಾತಲ್ಲ. ಪ್ರಾಚೀನ ಗ್ರೀಸಿನ ವೈದ್ಯ ಗ್ರಂಥಗಳಲ್ಲೂ ಇದೇ ನಂಬಿಕೆಯಿದೆ. ಎಂಟನೆಯ ತಿಂಗಳಲ್ಲಿ ಓಜಸ್ಸು ತಾಯಿಗೂ ಗರ್ಭಕ್ಕೂ ನಡುವೆ ಅತ್ತಿಂದಿತ್ತ ಓಡಾಡುತ್ತಿರುತ್ತದೆ, ಆದ್ದರಿಂದ ಆಗಿನ ಹೆರಿಗೆ ಅಪಾಯಕರ ಎನ್ನುತ್ತದೆ ಚರಕ ಸಂಹಿತೆ. ಲೆಕ್ಕಕ್ಕೆ ನಿಲ್ಲುವ ನಂಬಿಕೆ ಇದಲ್ಲ. ಬಸಿರಲ್ಲಿ ಒಂದೊಂದು ವಾರ ಹೆಚ್ಚು ಕಳೆದಷ್ಟೂ ಮಗು ಬದುಕುವ ಸಾಧ್ಯತೆ ಹೆಚ್ಚುತ್ತದೆಯೇ ಹೊರತು ಎಂಟನೆಯ ತಿಂಗಳಲ್ಲಿ ಕುಸಿಯುವುದಿಲ್ಲ. ಆದರೂ ಆ ಹಳೆಯ ಮಾತಿನ ಹಿಂದಿರುವ ದಿಗಿಲು ಸುಳ್ಳಲ್ಲ. ತಿಂಗಳು ತುಂಬದ ಕೂಸಿನ ವಿಷಯದಲ್ಲಿ ‘ಇನ್ನು ಗಂಡಾಂತರ ಕಳೆಯಿತು’ ಎಂದು ಹೇಳುವುದು ಬಹಳ ಕಷ್ಟ.

ಇದಕ್ಕೆ ಸಾಕ್ಷಿಯಾಗಿ ಒಂದು ಕಾಯಿಲೆಯನ್ನು ನೋಡಬಹುದು. ಇಪ್ಪತ್ತೇಳು ಇಪ್ಪತ್ತೆಂಟು ವಾರಕ್ಕೇ ಹುಟ್ಟಿದ, ಒಂದು ಕಿಲೋ ಸಕ್ಕರೆಯ ಪೊಟ್ಟಣದಷ್ಟೇ ತೂಗುವ ಮಗುವೊಂದು ಗಾಜಿನ ಪೆಟ್ಟಿಗೆಯಲ್ಲಿದೆ ಎಂದುಕೊಳ್ಳಿ. ಮೊದಲ ವಾರ ಉಸಿರಿನದೇ ಚಿಂತೆ. ಅದು ಹೇಗೋ ದಾಟಿತು. ಮೂಗಿನ ಮೂಲಕ ಹೊಟ್ಟೆಗಿಳಿಸಿದ ಸಣ್ಣ ನಳಿಕೆಯಲ್ಲಿ ಎರಡು ಗಂಟೆಗೊಮ್ಮೆ ಕೆಲವೇ ಹನಿ ಹಾಲು. ತೂಕ ಹತ್ತು ಹತ್ತು ಗ್ರಾಂ ಏರುತ್ತಿದೆ. ಅಜ್ಜಿ ಹರಕೆಯ ಲೆಕ್ಕ ಹಾಕುತ್ತಿದ್ದಾಳೆ. ಎರಡನೆಯ ವಾರ ಮುಗಿದು ಮೂರನೆಯದು ನಡೆಯುತ್ತಿರುವಾಗ ಒಂದು ಸಂಜೆ ದಾದಿ ಗಮನಿಸುತ್ತಾಳೆ: ಹಿಂದಿನ ಸಲ ಕೊಟ್ಟ ಹಾಲು ಜೀರ್ಣವಾಗದೆ ಉಳಿದಿದೆ, ಅದರಲ್ಲಿ ಹಸಿರು ಬಣ್ಣವಿದೆ. ಹೊಟ್ಟೆ ಉಬ್ಬಿದೆ. ಮಗು ಮಂಕಾಗಿದೆ, ನಡುನಡುವೆ ಉಸಿರು ನಿಲ್ಲಿಸುತ್ತದೆ. ಮಲದಲ್ಲಿ ರಕ್ತ. ಎಕ್ಸ್‌ರೇ ತೆಗೆದರೆ ಕರುಳಿನ ಗೋಡೆಯ ಒಳಗೇ ಸಾಲುಸಾಲಾಗಿ ಗಾಳಿಗುಳ್ಳೆಗಳು. ಗಾಳಿ ಇರಬೇಕಾದ್ದು ಕರುಳಿನ ಕೊಳವೆಯೊಳಗೆ. ಗೋಡೆಯ ಪದರಗಳ ನಡುವೆ ಅಲ್ಲ. ಬ್ಯಾಕ್ಟೀರಿಯಾಗಳು ಗೋಡೆಯನ್ನು ಹೊಕ್ಕು ಅಲ್ಲಿಯೇ ಅನಿಲ ಹುಟ್ಟಿಸುತ್ತಿವೆ ಎಂದು ಇದರ ಅರ್ಥ. ಕೆಲವು ಮಕ್ಕಳಲ್ಲಿ ಇದು ಹಾಲು ನಿಲ್ಲಿಸಿ ಔಷಧ ಕೊಟ್ಟರೆ ತಗ್ಗುತ್ತದೆ. ಇನ್ನು ಕೆಲವರಲ್ಲಿ ಗಂಟೆಗಳೊಳಗೆ ಕರುಳು ಕಪ್ಪಾಗಿ, ತೂತುಬಿದ್ದು, ಶಸ್ತ್ರಕ್ರಿಯೆಯ ಮೇಜಿಗೆ ಒಯ್ಯಬೇಕಾಗುತ್ತದೆ.

ನೆಕ್ರೊಟೈಸಿಂಗ್ ಎಂಟರೊಕೊಲೈಟಿಸ್ ಎಂಬ ಉದ್ದದ ಹೆಸರು ಇದಕ್ಕೆ. ಕರುಳಿನ ಭಾಗಗಳು ಸತ್ತುಹೋಗುವಂಥ ಉರಿಯೂತ ಎಂದಷ್ಟೇ ಆ ಹೆಸರಿನ ಅರ್ಥ. ವೈದ್ಯರು ಎನ್.ಇ.ಸಿ. ಎಂದು ಚಿಕ್ಕದಾಗಿ ಕರೆಯುತ್ತಾರೆ. ಒಂದೂವರೆ ಕಿಲೋಗಿಂತ ಕಡಿಮೆ ತೂಕದ ನೂರು ಮಕ್ಕಳಲ್ಲಿ ಐದರಿಂದ ಹತ್ತು ಮಕ್ಕಳಿಗೆ ಇದು ಬರುತ್ತದೆ. ಬಂದವರಲ್ಲಿ ಸುಮಾರು ನಾಲ್ಕರಲ್ಲೊಂದು ಮಗು ಉಳಿಯುವುದಿಲ್ಲ. ಶಸ್ತ್ರಕ್ರಿಯೆಯವರೆಗೆ ಹೋದವರಲ್ಲಿ ಸಾವು ಇನ್ನೂ ಹೆಚ್ಚು. ಉಳಿದವರಲ್ಲಿ ಕೆಲವರಿಗೆ ಕತ್ತರಿಸಿ ತೆಗೆದ ಕರುಳಿನ ಕೊರತೆ ವರ್ಷಗಟ್ಟಲೆ ಕಾಡುತ್ತದೆ, ಮಿದುಳಿನ ಬೆಳವಣಿಗೆಗೂ ಪೆಟ್ಟು ಬೀಳುತ್ತದೆ. 2020ರಲ್ಲಿ ಜಗತ್ತಿನಲ್ಲಿ 1 ಕೋಟಿ 34 ಲಕ್ಷ ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟಿದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ 30 ಲಕ್ಷ ಭಾರತದವು. ಎಲ್ಲರೂ ಅಷ್ಟು ಚಿಕ್ಕವರಲ್ಲ ನಿಜ. ಆದರೆ ಅಷ್ಟು ಚಿಕ್ಕವರು ಬದುಕುಳಿಯುವ ಊರುಗಳು ನಮ್ಮಲ್ಲಿ ಹೆಚ್ಚುತ್ತಿವೆ, ಅದರೊಂದಿಗೆ ಈ ರೋಗವೂ.

ಈ ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎನ್.ಇ.ಸಿ. ಒಂದರ್ಥದಲ್ಲಿ ಆಸ್ಪತ್ರೆಯ ಕೂಸು. ಹಿಂದೆ ಇಷ್ಟು ಬೇಗ ಹುಟ್ಟಿದ ಮಕ್ಕಳು ಕರುಳಿನ ಕಾಯಿಲೆ ಬರುವಷ್ಟು ದಿನ ಬದುಕುತ್ತಲೇ ಇರಲಿಲ್ಲ. 1963ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನೆಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮೊದಲೇ ಹುಟ್ಟಿದ. ತೂಕ ಎರಡು ಕಿಲೋ ದಾಟಿತ್ತು. ಇಂದಾದರೆ ಜಿಲ್ಲಾ ಆಸ್ಪತ್ರೆಯಲ್ಲಿಯೂ ಉಳಿಯಬಹುದಾದ ಮಗು, ಜಗತ್ತಿನ ಅತಿ ಪ್ರಬಲ ವ್ಯಕ್ತಿಯ ಮಗನಾಗಿಯೂ ಶ್ವಾಸಕೋಶ ಬಲಿಯದೆ ಎರಡೇ ದಿನಕ್ಕೆ ತೀರಿಕೊಂಡಿತು. ಆ ಸಾವು ಶಿಶುವೈದ್ಯಕ್ಕೆ ಹಣವನ್ನೂ ಹಟವನ್ನೂ ತಂದಿತು. ಉಸಿರಾಟದ ಯಂತ್ರಗಳು ಬಂದವು. ಶ್ವಾಸಕೋಶದ ಗುಳ್ಳೆಗಳು ಅಂಟಿಕೊಳ್ಳದಂತೆ ತಡೆಯುವ ಸರ್ಫ್ಯಾಕ್ಟಂಟ್ ಎಂಬ ಔಷಧ 1990ರ ಹೊತ್ತಿಗೆ ಬಳಕೆಗೆ ಬಂತು. ಮಕ್ಕಳು ಬದುಕಿದರು. ಬದುಕಿದ ಮೇಲೆ ಅವಕ್ಕೆ ಉಣಿಸಬೇಕಲ್ಲ! ಉಣಿಸತೊಡಗಿದಾಗ ಕರುಳಿನ ಸರದಿ ಬಂತು. ಈ ರೋಗದ ವಿವರಣೆ ಜರ್ಮನ್ ಭಾಷೆಯ ವೈದ್ಯರಿಂದ 1953ರಲ್ಲಿ ಬಂದಿತ್ತು. 1960ರ ದಶಕದಲ್ಲಿ ನ್ಯೂಯಾರ್ಕಿನ ಮಕ್ಕಳ ಆಸ್ಪತ್ರೆಯೊಂದರ ವೈದ್ಯರು ಸಾಲು ಸಾಲು ಪ್ರಕರಣಗಳನ್ನು ವರದಿ ಮಾಡಿದ ಮೇಲೆ ಎಲ್ಲ ಕಡೆಯೂ ಕಾಣತೊಡಗಿತು.

ಯಾವ ರೋಗಾಣು ಇದಕ್ಕೆ ಕಾರಣ? ಎಲ್ಲರೂ ಮೊದಲು ಕೇಳಿದ್ದು ಇದೇ ಪ್ರಶ್ನೆ. ಕಾಲರಾಕ್ಕೆ ಒಂದು, ಕ್ಷಯಕ್ಕೆ ಒಂದು ಎಂದು ರೋಗಕ್ಕೊಂದು ಕ್ರಿಮಿ ಹುಡುಕುವುದು ವೈದ್ಯರ ಹಳೆಯ ಅಭ್ಯಾಸ. ಇಲ್ಲಿ ಹುಡುಕಿದರು. ಒಂದು ಆಸ್ಪತ್ರೆಯಲ್ಲಿ ಕ್ಲೆಬ್ಸಿಯೆಲ್ಲಾ ಸಿಕ್ಕಿತು. ಇನ್ನೊಂದರಲ್ಲಿ ಇ. ಕೊಲೈ. ಮತ್ತೊಂದರಲ್ಲಿ ಕ್ಲಾಸ್ಟ್ರಿಡಿಯಂ, ಎಂಟರೊಬ್ಯಾಕ್ಟರ್. ಒಂದೇ ವಾರ್ಡಿನಲ್ಲಿ ನಾಲ್ಕಾರು ಮಕ್ಕಳಿಗೆ ಒಟ್ಟಿಗೆ ಬಂದಾಗಲೂ, ಮುಂದಿನ ವರ್ಷ ಅಲ್ಲಿಯೇ ಬಂದಾಗ ಕ್ರಿಮಿ ಬೇರೆ. ಹಾಗೆಂದು ಕ್ರಿಮಿಗಳ ಪಾತ್ರವಿಲ್ಲ ಎನ್ನುವಂತೆಯೂ ಇಲ್ಲ. ಹುಟ್ಟುವ ಮೊದಲು, ಬಸಿರಿನೊಳಗೆ ಈ ರೋಗ ಬರುವುದಿಲ್ಲ. ಬರುವುದು ಹುಟ್ಟಿದ ಮೇಲೆ, ಅದೂ ಹೆಚ್ಚಾಗಿ ಹಾಲು ಕೊಡತೊಡಗಿದ ಮೇಲೆ. ಎಂದರೆ ಕರುಳಿನಲ್ಲಿ ಬ್ಯಾಕ್ಟೀರಿಯಾಗಳು ಬೀಡುಬಿಟ್ಟ ಮೇಲೆ. ಹಾಗಾದರೆ ಕೇಳಬೇಕಾದ ಪ್ರಶ್ನೆ ‘ಯಾವ ಕ್ರಿಮಿ’ ಎಂಬುದಲ್ಲ, ‘ಯಾರು ಮೊದಲು ಬಂದು ನೆಲೆಸಿದರು’ ಎಂಬುದು. ಈ ಪ್ರಶ್ನೆಯನ್ನು ಮೊದಲು ಕೇಳಿದವನ ಹೆಸರು ನಮಗೆಲ್ಲ ಗೊತ್ತು, ಆದರೆ ಬೇರೆ ಕಾರಣಕ್ಕೆ.

ಕುಡಿಯುವ ನೀರಿನ ಪರೀಕ್ಷೆಯ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಕಾಣುವ ಇ. ಕೊಲೈ ಎಂಬುದರಲ್ಲಿ ‘ಇ’ ಎಂದರೆ ಎಶೆರಿಕಿಯಾ. ಥಿಯೋಡರ್ ಎಶೆರಿಕ್ ಎಂಬ ಜರ್ಮನ್ ಶಿಶುವೈದ್ಯನ ಹೆಸರು ಅದು. 1857ರಲ್ಲಿ ಬವೇರಿಯಾದ ಆನ್ಸ್‌ಬಾಖ್‌ನಲ್ಲಿ ಹುಟ್ಟಿದ ಈತ ಮ್ಯೂನಿಕ್‌ನಲ್ಲಿ ಕೆಲಸ ಮಾಡುತ್ತಿದ್ದಾಗ, ಬೇಧಿಯಿಂದ ಕೂಸುಗಳು ಸಾಲುಸಾಲಾಗಿ ಸಾಯುವುದನ್ನು ನೋಡಿ, ರೋಗದ ಕರುಳನ್ನು ತಿಳಿಯಬೇಕಾದರೆ ಮೊದಲು ಆರೋಗ್ಯವಂತ ಕರುಳನ್ನು ತಿಳಿಯಬೇಕು ಎಂದು ಹೊರಟ. ಆರೋಗ್ಯವಂತ ಎಳೆ ಮಕ್ಕಳ ಮಲವನ್ನು ದಿನದಿನವೂ ಪರೀಕ್ಷಿಸಿದ. ಹುಟ್ಟಿದ ಕೂಡಲೇ ಹೋಗುವ ಕಪ್ಪು ಮಲದಲ್ಲಿ ಬ್ಯಾಕ್ಟೀರಿಯಾಗಳಿರಲಿಲ್ಲ. ಒಂದು ದಿನ ಕಳೆಯುವುದರೊಳಗೆ ಇದ್ದವು. ಹಾಲು ಕುಡಿಯತೊಡಗಿದ ಮೇಲೆ ಅವುಗಳ ಜಾತಿಯೇ ಬದಲಾಯಿತು. 1885ರಲ್ಲಿ ಆತ ವಿವರಿಸಿದ ಕಡ್ಡಿಯಾಕಾರದ ಸಾಮಾನ್ಯ ಜೀವಿಯೇ ಮುಂದೆ ಅವನ ಹೆಸರು ಹೊತ್ತಿತು. ಮರುವರ್ಷ ಎಳೆಗೂಸಿನ ಕರುಳ ಬ್ಯಾಕ್ಟೀರಿಯಾಗಳ ಬಗ್ಗೆ ಪುಸ್ತಕವನ್ನೇ ಬರೆದ. ಮಗು ಖಾಲಿ ಕರುಳಿನಿಂದ ಹುಟ್ಟುತ್ತದೆ ಎಂಬ ಅವನ ತೀರ್ಮಾನವನ್ನು ನೂರು ವರ್ಷದ ಮೇಲೆ ಕೆಲವರು ಪ್ರಶ್ನಿಸಿದರು. ಮಾಸಿನಲ್ಲಿಯೇ ಬ್ಯಾಕ್ಟೀರಿಯಾಗಳಿವೆ ಎಂದರು. ಕೇಂಬ್ರಿಜ್‌ನ ಸಂಶೋಧಕರು 537 ತಾಯಂದಿರ ಮಾಸುಗಳನ್ನು ಎಚ್ಚರದಿಂದ ಪರೀಕ್ಷಿಸಿ 2019ರಲ್ಲಿ ಹೇಳಿದ್ದು: ಆರೋಗ್ಯವಂತ ಮಾಸಿನಲ್ಲಿ ಅಂಥ ಸಂಸಾರವೇನೂ ಇಲ್ಲ, ಹಿಂದೆ ಕಂಡದ್ದರಲ್ಲಿ ಬಹುಪಾಲು ಪರೀಕ್ಷೆಯ ಸಲಕರಣೆಗಳಿಂದ ಬಂದ ಕೊಳೆ. ಎಶೆರಿಕನ ಮಾತು ಹೆಚ್ಚುಕಡಿಮೆ ಉಳಿದುಕೊಂಡಿತು.

ಖಾಲಿ ಊರಿಗೆ ಒಕ್ಕಲು ಬರುವುದನ್ನು ಊಹಿಸಿಕೊಳ್ಳಿ. ಮೊದಲು ಬಂದವರು ಒಳ್ಳೆಯ ನೆಲ ಹಿಡಿಯುತ್ತಾರೆ, ಬಾವಿ ತೋಡುತ್ತಾರೆ, ಆಮೇಲೆ ಬಂದವರಿಗೆ ಜಾಗ ಸಿಗುವುದು ಅವರ ಮರ್ಜಿಯ ಮೇಲೆ. ತಿಂಗಳು ತುಂಬಿ ಸಹಜವಾಗಿ ಹುಟ್ಟಿದ ಮಗುವಿಗೆ ಮೊದಲ ಒಕ್ಕಲು ತಾಯಿಯಿಂದಲೇ ಬರುತ್ತದೆ: ಹೆರಿಗೆಯ ಹಾದಿಯಿಂದ, ಅವಳ ಕರುಳಿನಿಂದ, ಚರ್ಮದಿಂದ, ಎದೆಹಾಲಿನಿಂದ. 1899ರಲ್ಲಿ ಪ್ಯಾರಿಸ್ಸಿನ ಪ್ಯಾಶ್ಚರ್ ಸಂಸ್ಥೆಯ ಹೆನ್ರಿ ಟಿಸಿಯೆ ಎಂಬಾತ ಎದೆಹಾಲು ಕುಡಿಯುವ ಮಕ್ಕಳ ಮಲದಲ್ಲಿ ಇಂಗ್ಲಿಷ್ ‘ವೈ’ ಅಕ್ಷರದಂತೆ ಕವಲೊಡೆದ ಒಂದು ಬ್ಯಾಕ್ಟೀರಿಯಾವನ್ನು ಗುರುತಿಸಿದ. ಬಿಫಿಡೋಬ್ಯಾಕ್ಟೀರಿಯಂ ಎಂದು ಇಂದು ಕರೆಯುವ ಇದು ಎದೆಹಾಲಿನ ಮಕ್ಕಳ ಕರುಳಿನಲ್ಲಿ ಊರ ಗೌಡನಂತೆ ಇರುತ್ತದೆ; ಬಾಟ್ಲಿ ಹಾಲಿನ ಮಕ್ಕಳಲ್ಲಿ ಅಷ್ಟಾಗಿ ಇಲ್ಲ.

ಯಾಕೆ ಹೀಗೆ ಎಂಬುದಕ್ಕೆ ಉತ್ತರ ಹುಡುಕುತ್ತಾ ಹೋದವರಿಗೆ ಒಂದು ಸೋಜಿಗ ಕಾದಿತ್ತು. ತಾಯಿಯ ಹಾಲಿನಲ್ಲಿ ನೀರನ್ನು ಬಿಟ್ಟರೆ ಅತಿ ಹೆಚ್ಚು ಇರುವುದು ಲ್ಯಾಕ್ಟೋಸ್ ಸಕ್ಕರೆ, ಅನಂತರ ಕೊಬ್ಬು. ಮೂರನೆಯ ಸ್ಥಾನದಲ್ಲಿರುವುದು ಓಲಿಗೊಸ್ಯಾಕರೈಡ್ ಎಂಬ ಬಗೆಬಗೆಯ ಸಂಕೀರ್ಣ ಸಕ್ಕರೆಗಳು. ಇನ್ನೂರರ ಆಸುಪಾಸಿನಷ್ಟು ಬಗೆಗಳು ಇವೆ. ಇವನ್ನು ಮಗು ಜೀರ್ಣಿಸಿಕೊಳ್ಳಲಾರದು. ಹಸಿದ ಬಾಣಂತಿ ತನ್ನ ರಕ್ತ ಮಾಂಸ ಬಸಿದು ತಯಾರಿಸಿದ ಹಾಲಿನಲ್ಲಿ ಮಗುವಿಗೆ ದಕ್ಕದ ಸಕ್ಕರೆ ಇಷ್ಟೊಂದು ಯಾಕೆ? ಹಂಗರಿ ಮೂಲದ ಶಿಶುವೈದ್ಯ ಪಾಲ್ ಗ್ಯೋರ್ಗಿ 1950ರ ದಶಕದಲ್ಲಿ ಅದರ ಜಾಡು ಹಿಡಿದ: ಅದು ಮಗುವಿಗಲ್ಲ, ಮಗುವಿನ ಕರುಳಿನಲ್ಲಿರುವ ಬಿಫಿಡೋ ಒಕ್ಕಲಿಗೆ. ತಾಯಿ ಏಕಕಾಲಕ್ಕೆ ಇಬ್ಬರಿಗೆ ಉಣಿಸುತ್ತಿದ್ದಾಳೆ. ಉಂಡ ಬಿಫಿಡೋ ಬ್ಯಾಕ್ಟೀರಿಯಾಗಳು ಕರುಳನ್ನು ಹುಳಿಯಾಗಿಸುತ್ತವೆ. ಆ ಹುಳಿಯಲ್ಲಿ ಕ್ಲೆಬ್ಸಿಯೆಲ್ಲಾದಂಥವು ಸೊಕ್ಕುವುದು ಕಷ್ಟ. ಹಸುವಿನ ಹಾಲಿನಲ್ಲಿ ಈ ಸಕ್ಕರೆಗಳು ತೀರ ಕಡಿಮೆ. ಕರುವಿನ ಸಂಸಾರ ಬೇರೆ, ಅದಕ್ಕೆ ಬೇಕಾದ ಅಡುಗೆಯೂ ಬೇರೆ.

ಈಗ ತಿಂಗಳು ತುಂಬದ ಕೂಸಿನ ಕರುಳಿಗೆ ಬನ್ನಿ. ಅದು ಹುಟ್ಟಿದ್ದು ಹೆಚ್ಚಾಗಿ ಸಿಸೇರಿಯನ್ ಶಸ್ತ್ರಕ್ರಿಯೆಯಿಂದ. ತಾಯಿ ಒಂದು ಮಹಡಿಯಲ್ಲಿ, ಮಗು ಇನ್ನೊಂದು ಮಹಡಿಯಲ್ಲಿ, ಕೆಲವೊಮ್ಮೆ ಬೇರೆ ಊರಿನಲ್ಲಿಯೇ. ಸೋಂಕಿನ ಭಯದಿಂದ ಮೊದಲ ದಿನದಿಂದಲೇ ಆ್ಯಂಟಿಬಯಾಟಿಕ್. ಅದನ್ನು ಮುಟ್ಟುವುದು ಕೈಗವಸು, ನಳಿಕೆ, ಪೆಟ್ಟಿಗೆಯ ಬಾಗಿಲು. ಆದ್ದರಿಂದ ಇಲ್ಲಿ ಮೊದಲ ಒಕ್ಕಲು ತಾಯಿಯದಲ್ಲ, ವಾರ್ಡಿನದು. ಅದೂ ಸಾಮಾನ್ಯ ವಾರ್ಡಿನದಲ್ಲ. ಔಷಧಗಳನ್ನು ಜೀರ್ಣಿಸಿಕೊಂಡು ಗಟ್ಟಿಯಾದ ಜೀವಿಗಳದು. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ರಕ್ತದ ಸೋಂಕಿನ ಬಗ್ಗೆ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಮುಂಚೂಣಿಯಲ್ಲಿದ್ದವು ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಇ. ಕೊಲೈ. ಹಲವು ಔಷಧಗಳಿಗೆ ಅವು ಜಗ್ಗುತ್ತಿರಲಿಲ್ಲ. ಇಂಥವು ಸುತ್ತ ಇರುವ ಜಾಗದಲ್ಲಿ ಖಾಲಿ ಕರುಳೊಂದು ಬಾಗಿಲು ತೆರೆದುಕೊಂಡು ಕುಳಿತಿದೆ.

ಅಮೆರಿಕದ ಸೇಂಟ್ ಲೂಯಿಸ್‌ನ ಸಂಶೋಧಕರು ಅತಿ ಕಡಿಮೆ ತೂಕದ ಮಕ್ಕಳ ಮಲವನ್ನು ದಿನವಹಿ ಕೂಡಿಟ್ಟು, ಎಶೆರಿಕ್ ಮಾಡಿದ್ದನ್ನೇ ಇಂದಿನ ವಂಶವಾಹಿ ಪರೀಕ್ಷೆಯಿಂದ ಮಾಡಿ 2016ರಲ್ಲಿ ವರದಿ ಕೊಟ್ಟರು. ಮುಂದೆ ಎನ್.ಇ.ಸಿ. ಬಂದ ಮಕ್ಕಳಲ್ಲಿ, ರೋಗ ಕಾಣುವ ಮೊದಲೇ, ಇ. ಕೊಲೈ ಮತ್ತು ಕ್ಲೆಬ್ಸಿಯೆಲ್ಲಾಗಳ ಬಳಗ ಹೆಚ್ಚಿತ್ತು. ಆಮ್ಲಜನಕ ಬೇಡದ ಕೆಲವು ಬ್ಯಾಕ್ಟೀರಿಯಾಗಳ ಬಳಗ ತಗ್ಗಿತ್ತು. ರೋಗ ಬರುವ ಮೊದಲೇ ಊರಿನ ಸಮತೋಲ ಕೆಟ್ಟಿತ್ತು ಎಂದರ್ಥ. ಇಲ್ಲಿ ಒಂದು ಎಚ್ಚರಿಕೆ ಬೇಕು. ಇದೇ ಬಳಗ ಆರೋಗ್ಯವಾಗಿಯೇ ಮನೆಗೆ ಹೋದ ಎಷ್ಟೋ ಮಕ್ಕಳಲ್ಲೂ ಇರುತ್ತದೆ. ಬ್ಯಾಕ್ಟೀರಿಯಾ ಒಂದೇ ಸಾಲದು. ಕರುಳೂ ಹಾಗೇ ಇರಬೇಕು.

ಕರುಳು ಹೇಗಿರುತ್ತದೆ? ಒಳಗೋಡೆ ಒಂದೇ ಜೀವಕೋಶದಷ್ಟು ದಪ್ಪ. ಅದರ ಮೇಲಿನ ಲೋಳೆಯ ಹೊದಿಕೆ ಇನ್ನೂ ತೆಳು. ಹಾಲನ್ನು ಮುಂದೆ ಮುಂದೆ ತಳ್ಳುವ ಅಲೆಯಂಥ ಚಲನೆ ಇನ್ನೂ ಹದಗೊಂಡಿಲ್ಲ. ಹಾಲು ನಿಂತಲ್ಲೇ ನಿಲ್ಲುತ್ತದೆ. ಹೊಟ್ಟೆಯ ಹುಳಿ ಕಡಿಮೆ. ಇದೆಲ್ಲ ಮೊದಲೇ ಊಹಿಸಿದ್ದ ಸಂಗತಿ. ಊಹಿಸದಿದ್ದ ಸಂಗತಿ ಬೆಳಕಿಗೆ ಬಂದದ್ದು 2007ರ ಸುಮಾರಿಗೆ, ಪಿಟ್ಸ್‌ಬರ್ಗ್‌ನಲ್ಲಿದ್ದ ಮಕ್ಕಳ ಶಸ್ತ್ರವೈದ್ಯ ಡೇವಿಡ್ ಹ್ಯಾಕಮ್ ಅವರ ಪ್ರಯೋಗಶಾಲೆಯಿಂದ. ಕರುಳಿನ ಜೀವಕೋಶಗಳ ಮೇಲೆ ಟಿ.ಎಲ್.ಆರ್.-4 ಎಂಬ ಒಂದು ಕಾವಲುಗಾರ ಅಣುವಿದೆ. ಇ. ಕೊಲೈ, ಕ್ಲೆಬ್ಸಿಯೆಲ್ಲಾಗಳ ಮೈಮೇಲಿನ ಒಂದು ಬಗೆಯ ಕೊಬ್ಬು–ಸಕ್ಕರೆಯ ಕವಚವನ್ನು ಗುರುತಿಸಿ ಬೊಬ್ಬೆ ಹೊಡೆಯುವುದು ಅದರ ಕೆಲಸ. ಬಸಿರಿನೊಳಗೆ ಇದಕ್ಕೆ ಬೇರೆಯೇ ಕೆಲಸ: ಬೆಳೆಯುತ್ತಿರುವ ಕರುಳಿನ ಜೀವಕೋಶಗಳು ಯಾವ ರೂಪ ತಾಳಬೇಕು ಎಂಬುದರಲ್ಲಿ ಅದು ಕೈಯಾಡಿಸುತ್ತದೆ. ಹೀಗಾಗಿ ಅಲ್ಲಿ ಅದು ಹೇರಳವಾಗಿರುತ್ತದೆ, ತಿಂಗಳು ತುಂಬುತ್ತಾ ಬಂದಂತೆ ಕಡಿಮೆಯಾಗುತ್ತದೆ. ಬೇಗ ಹುಟ್ಟಿದ ಮಗು ಈ ಕಾವಲುಗಾರರ ದಂಡನ್ನೇ ಹೊತ್ತು ಬ್ಯಾಕ್ಟೀರಿಯಾಗಳ ಲೋಕಕ್ಕೆ ಬಂದಿರುತ್ತದೆ. ತಿಂಗಳು ತುಂಬಿದ ಮಗು ಗಮನಿಸದೇ ಬಿಡುವ ನೆಂಟನನ್ನು ಕಂಡು ಇಲ್ಲಿ ಊರಿಗೆ ಊರೇ ದೊಣ್ಣೆ ಹಿಡಿದು ಏಳುತ್ತದೆ. ಗೋಡೆಯ ಜೀವಕೋಶಗಳು ಸಾಯುತ್ತವೆ, ಹೊಸವು ಬಂದು ತೇಪೆ ಹಾಕುವ ಕೆಲಸ ನಿಲ್ಲುತ್ತದೆ, ರಕ್ತನಾಳಗಳು ಬಿಗಿದುಕೊಂಡು ರಕ್ತದ ಹರಿವು ತಗ್ಗುತ್ತದೆ. ಬಿರುಕಿನಲ್ಲಿ ಬ್ಯಾಕ್ಟೀರಿಯಾ ನುಗ್ಗುತ್ತದೆ. ಎಕ್ಸ್‌ರೇಯಲ್ಲಿ ಕಂಡ ಗಾಳಿಗುಳ್ಳೆಗಳ ಹಿಂದಿನ ಕಥೆ ಇದು. ಎಂದರೆ ಕರುಳನ್ನು ಕೊಲ್ಲುವುದರಲ್ಲಿ ಕ್ರಿಮಿಯ ಪಾಲಿನಷ್ಟೇ ಮಗುವಿನ ಸ್ವಂತ ರಕ್ಷಣೆಯ ಪಾಲೂ ಇದೆ.

ಇಷ್ಟೆಲ್ಲ ಗೊತ್ತಾಗುವ ಎಷ್ಟೋ ಮೊದಲೇ ಮದ್ದು ಯಾವುದೆಂದು ಗೊತ್ತಿತ್ತು. 1974ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯರು ಆಗತಾನೆ ಹುಟ್ಟಿದ ಇಲಿಮರಿಗಳಿಗೆ ಉಸಿರುಗಟ್ಟಿಸುವ ಒತ್ತಡ ಕೊಟ್ಟು, ಕೃತಕ ಹಾಲು ಕುಡಿಸಿ, ಎನ್.ಇ.ಸಿ.ಯಂಥದೇ ರೋಗ ಬರಿಸಿದರು. ತಾಯಿ ಇಲಿಯ ಹಾಲು ಕುಡಿದ ಮರಿಗಳು ಅದೇ ಒತ್ತಡದಲ್ಲೂ ಪಾರಾದವು. ಮನುಷ್ಯರ ವಿಷಯದಲ್ಲಿ ನಿರ್ಣಾಯಕ ಲೆಕ್ಕ ಬಂದದ್ದು 1990ರಲ್ಲಿ. ಇಂಗ್ಲೆಂಡಿನ ಅಲನ್ ಲೂಕಸ್ ಮತ್ತು ಟಿಮ್ ಕೋಲ್, ತಿಂಗಳು ತುಂಬದ 926 ಮಕ್ಕಳ ವಿವರವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಬರೀ ಡಬ್ಬಿ ಹಾಲು ಕುಡಿದ ಮಕ್ಕಳಲ್ಲಿ ಎನ್.ಇ.ಸಿ., ಬರೀ ಎದೆಹಾಲು ಕುಡಿದವರಿಗಿಂತ ಆರರಿಂದ ಹತ್ತು ಪಟ್ಟು ಹೆಚ್ಚು. ಎರಡನ್ನೂ ಬೆರೆಸಿ ಕುಡಿದವರಿಗಿಂತಲೂ ಮೂರು ಪಟ್ಟು ಹೆಚ್ಚು.

ಆ ಲೆಕ್ಕ ಮೂವತ್ತು ವರ್ಷಗಳ ಮೇಲೆ ನ್ಯಾಯಾಲಯದ ಮೆಟ್ಟಿಲೇರಿತು. 2024ರಲ್ಲಿ ಅಮೆರಿಕದ ಇಲಿನಾಯ್ ಮತ್ತು ಮಿಸೌರಿ ರಾಜ್ಯಗಳ ಎರಡು ಮೊಕದ್ದಮೆಗಳಲ್ಲಿ ಜ್ಯೂರಿಗಳು, ಅಪಾಯದ ಎಚ್ಚರಿಕೆ ಕೊಡದೆ ಹಾಲಿನ ಪುಡಿ ಮಾರಿದ ಕಂಪೆನಿಗಳು ಕ್ರಮವಾಗಿ 6 ಕೋಟಿ ಮತ್ತು 49.5 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದವು. ಅದೇ ವರ್ಷ ಇನ್ನೊಂದು ಜ್ಯೂರಿ ಕಂಪೆನಿಗಳ ಪರ ನಿಂತಿತು. ಅಮೆರಿಕ ಸರ್ಕಾರದ ಮೂರು ಆರೋಗ್ಯ ಸಂಸ್ಥೆಗಳು ಜಂಟಿಯಾಗಿ ಹೇಳಿದ್ದು ಇಷ್ಟು: ಡಬ್ಬಿ ಹಾಲೇ ರೋಗ ತರುತ್ತದೆ ಎಂಬುದಕ್ಕೆ ಖಚಿತ ಪುರಾವೆಯಿಲ್ಲ, ಎದೆಹಾಲು ಕಾಪಾಡುತ್ತದೆ ಎಂಬುದಕ್ಕೆ ಬಲವಾದ ಪುರಾವೆಯಿದೆ. ವಿಷ ಕೊಟ್ಟದ್ದಕ್ಕೂ ಅಮೃತ ತಪ್ಪಿಸಿದ್ದಕ್ಕೂ ಕಾನೂನಿನಲ್ಲಿ ವ್ಯತ್ಯಾಸವಿದೆ. ಮಗುವನ್ನು ಕಳೆದುಕೊಂಡ ತಾಯಿಗೆ ಆ ವ್ಯತ್ಯಾಸ ಎಷ್ಟು ಸಮಾಧಾನ ಕೊಟ್ಟೀತೋ ತಿಳಿಯದು. ನಮ್ಮ ದೇಶದಲ್ಲಂತೂ 1992ರ ಕಾಯಿದೆ ಹಾಲಿನ ಪುಡಿಯ ಜಾಹೀರಾತನ್ನೇ ನಿಷೇಧಿಸಿದೆ.

ನಮ್ಮ ಮನೆಗಳ ತಪ್ಪು ಬೇರೆ ಬಗೆಯದು. ಹಸು ಕರು ಹಾಕಿದರೆ ಗಿಣ್ಣಿನ ಹಾಲಿಗೆ ಬೀದಿಯವರೆಲ್ಲ ಪಾತ್ರೆ ಹಿಡಿದು ಬರುತ್ತಾರೆ. ಹೆಂಗಸು ಹೆತ್ತಾಗ ಬರುವ ಹಳದಿ ಗಟ್ಟಿ ಹಾಲನ್ನು ಮಾತ್ರ ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲಿಸುವ ಪದ್ಧತಿ ಎಷ್ಟೋ ಕಡೆ ಇತ್ತು, ಈಗಲೂ ಪೂರ್ತಿ ಹೋಗಿಲ್ಲ. ಅದರ ಬದಲು ಜೇನು ನೆಕ್ಕಿಸುವುದು, ಸಕ್ಕರೆ ನೀರು, ತೇಯ್ದ ಬಜೆ. ಆ ಹಳದಿ ಹಾಲಿನಲ್ಲಿರುವ ರಕ್ಷಕ ಪ್ರೋಟೀನುಗಳು ಬ್ಯಾಕ್ಟೀರಿಯಾಗಳಿಗೆ ಅಂಟಿಕೊಂಡು ಅವು ಕರುಳಿನ ಗೋಡೆ ಮುಟ್ಟದಂತೆ ತಡೆಯುತ್ತವೆ. ತಿಂಗಳು ತುಂಬಿದ ಮಗುವೇನೋ ಈ ನಷ್ಟವನ್ನು ಹೇಗೋ ತಡೆದುಕೊಂಡೀತು. ಒಂದು ಕಿಲೋದ ಮಗುವಿಗೆ ಆ ಹನಿಗಳೇ ಎಲ್ಲ. ಬಾಯಲ್ಲಿ ಕುಡಿಯಲಾರದ ಕೂಸಿನ ಕೆನ್ನೆಯ ಒಳಭಾಗಕ್ಕೆ ತಾಯಿಯ ಮೊದಲ ಹಾಲನ್ನು ಒಂದೆರಡು ಹನಿ ಸವರುವ ಕ್ರಮವನ್ನು ಹಲವು ಆಸ್ಪತ್ರೆಗಳು ಇಂದು ಪಾಲಿಸುತ್ತವೆ.

ಆದರೆ ತಾಯಿಗೆ ಹಾಲೇ ಬರದಿದ್ದರೆ? ಏಳನೆಯ ತಿಂಗಳಲ್ಲಿ ಹೊಟ್ಟೆ ಕೊಯ್ಸಿಕೊಂಡು, ರಕ್ತದೊತ್ತಡದಿಂದ ಮೈಮರೆತು ಮಲಗಿದವಳಿಗೆ ಹಾಲು ಬರುವುದು ತಡವಾಗುತ್ತದೆ. ಈ ಜಾಗದಲ್ಲಿ ಎರಡು ದಾರಿಗಳು ತೆರೆದವು. ಒಂದು, ಬೇರೆ ತಾಯಿಯ ಹಾಲು ತರುವುದು. ಇನ್ನೊಂದು, ಹಾಲಿನಿಂದ ಬರಬೇಕಾದ ಒಕ್ಕಲನ್ನೇ ನೇರವಾಗಿ ತಂದುಬಿಡುವುದು.

ಎರಡನೆಯದನ್ನು ಮೊದಲು ನೋಡೋಣ. ಕೊಲಂಬಿಯಾ ದೇಶದ ಬೊಗೊಟಾ ನಗರದ ಆಸ್ಪತ್ರೆಯೊಂದರಲ್ಲಿ ಡಾ. ಆಂಜೆಲಾ ಹೊಯೋಸ್ ಒಂದು ವರ್ಷದ ಕಾಲ ಘಟಕಕ್ಕೆ ಬಂದ ಎಲ್ಲ ಶಿಶುಗಳಿಗೂ ಲ್ಯಾಕ್ಟೊಬ್ಯಾಸಿಲಸ್ ಮತ್ತು ಬಿಫಿಡೋ ಬ್ಯಾಕ್ಟೀರಿಯಾಗಳ ಪುಡಿ ಕೊಟ್ಟರು. ಹಿಂದಿನ ವರ್ಷ 85 ಮಕ್ಕಳಿಗೆ ಎನ್.ಇ.ಸಿ. ಬಂದಿತ್ತು, ಆ ವರ್ಷ 34ಕ್ಕೆ ಇಳಿಯಿತು. 1999ರಲ್ಲಿ ಇದು ಪ್ರಕಟವಾದ ಮೇಲೆ ತೈವಾನ್, ಇಸ್ರೇಲ್, ಆಸ್ಟ್ರೇಲಿಯಾಗಳಲ್ಲಿ ಕಟ್ಟುನಿಟ್ಟಾದ ಪ್ರಯೋಗಗಳು ನಡೆದವು. 2023ರ ಹೊತ್ತಿಗೆ ಅಂಥ 60 ಪ್ರಯೋಗಗಳನ್ನು, 11 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಟ್ಟುಗೂಡಿಸಿ ನೋಡಿದಾಗ ರೋಗ ಅರ್ಧದ ಹತ್ತಿರಕ್ಕೆ ಇಳಿದಂತೆ ಕಂಡಿತು. ‘ಕಂಡಿತು’ ಎನ್ನಲು ಕಾರಣವಿದೆ. ಆ ಪ್ರಯೋಗಗಳಲ್ಲಿ ಹಲವು ಸಣ್ಣವು, ಬಳಸಿದ ಬ್ಯಾಕ್ಟೀರಿಯಾಗಳು ಬೇರೆ ಬೇರೆ. ದೊಡ್ಡ ಪ್ರಯೋಗಗಳಲ್ಲಿ ಫಲ ಅಷ್ಟು ಢಾಳಾಗಿಲ್ಲ.

ಇಂಗ್ಲೆಂಡಿನಲ್ಲಿ 1315 ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಂತೂ ಲಾಭವೇ ಕಾಣಲಿಲ್ಲ. ಅದರಲ್ಲಿ ಒಂದು ತಮಾಷೆಯೂ ನಡೆಯಿತು. ಅರ್ಧ ಮಕ್ಕಳಿಗೆ ಬಿಫಿಡೋ, ಇನ್ನರ್ಧಕ್ಕೆ ಬರೀ ಪುಡಿ. ಕೊನೆಗೆ ಪರೀಕ್ಷಿಸಿದರೆ ಬರೀ ಪುಡಿ ಸಿಕ್ಕ ಮಕ್ಕಳಲ್ಲಿಯೂ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯ ಕರುಳಿನಲ್ಲಿ ಅದೇ ಬಿಫಿಡೋ ಹಾಯಾಗಿ ನೆಲೆಸಿತ್ತು! ಕೈಯಿಂದ ಕೈಗೆ, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಅದು ನಡೆದುಹೋಗಿತ್ತು. ವಾರ್ಡೆಂಬುದು ಎಷ್ಟು ಒಂದೇ ಊರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ. ಒಳ್ಳೆಯ ಒಕ್ಕಲು ಹೀಗೆ ನಡೆದು ಹೋಗಬಹುದಾದರೆ ಕ್ಲೆಬ್ಸಿಯೆಲ್ಲಾ ಎಷ್ಟು ಸಲೀಸಾಗಿ ಹೋಗುತ್ತದೆ ಎಂದು ಯೋಚಿಸಬಹುದು.

ಜೀವಂತ ಬ್ಯಾಕ್ಟೀರಿಯಾ ಎಂದಮೇಲೆ ಅಪಾಯವೂ ಉಂಟು. 2014ರಲ್ಲಿ ಅಮೆರಿಕದ ಒಂದು ಶಿಶು ಇಂಥ ಪುಡಿಯಲ್ಲಿ ಬೆರೆತಿದ್ದ ಬೂಷ್ಟಿನಿಂದ ಸತ್ತಿತು. 2023ರಲ್ಲಿ ಇನ್ನೊಂದು ಶಿಶುವಿನ ರಕ್ತಕ್ಕೆ, ಕೊಟ್ಟ ಬಿಫಿಡೋ ಬ್ಯಾಕ್ಟೀರಿಯಾವೇ ಸೇರಿ ಸಾವು ಬಂತು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ತಿಂಗಳು ತುಂಬದ ಮಕ್ಕಳಿಗೆ ಇದನ್ನು ಕೊಡುವುದರ ವಿರುದ್ಧ ಕಟ್ಟೆಚ್ಚರಿಕೆ ನೀಡಿ, ಉತ್ಪನ್ನಗಳು ಮಾರುಕಟ್ಟೆಯಿಂದ ಮಾಯವಾದವು. ಆದರೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ, 32 ವಾರಕ್ಕೆ ಮೊದಲು ಹುಟ್ಟಿ ಎದೆಹಾಲು ಕುಡಿಯುವ ಮಕ್ಕಳಿಗೆ ಇದನ್ನು ಕೊಡಬಹುದೆಂಬುದನ್ನು ಪರಿಗಣಿಸಬಹುದು ಎಂದಿತ್ತು. ಎಷ್ಟೋ ವೈದ್ಯರಿಗೆ ಇದು ಧರ್ಮಸಂಕಟ. ಕೊಟ್ಟದ್ದರಿಂದ ಸತ್ತ ಒಂದು ಮಗುವಿನ ಹೆಸರು ದಾಖಲೆಯಲ್ಲಿ ಉಳಿಯುತ್ತದೆ. ಕೊಡದೆ ಇದ್ದುದರಿಂದ ಸತ್ತವರನ್ನು ಬೆರಳು ಮಾಡಿ ತೋರಿಸಲಾಗದು. ನನಗೆ ತೋರುವಂತೆ, ಔಷಧದಷ್ಟೇ ಶುದ್ಧತೆಯಲ್ಲಿ ತಯಾರಾಗದ ಪುಡಿಯನ್ನು ಎಲ್ಲ ವಾರ್ಡುಗಳಿಗೂ ಹಂಚುವುದಕ್ಕೆ ಈಗಲೇ ಅವಸರಪಡಬೇಕಾಗಿಲ್ಲ.

ನಮ್ಮ ಒಡಿಶಾದ ಹಳ್ಳಿಗಳ ಕಥೆಯನ್ನು ಈ ಚರ್ಚೆಯಲ್ಲಿ ಮತ್ತೆ ಮತ್ತೆ ಎತ್ತುತ್ತಾರೆ. ಡಾ. ಪಿನಾಕಿ ಪಾಣಿಗ್ರಾಹಿ ಮತ್ತು ಸಂಗಡಿಗರು 149 ಹಳ್ಳಿಗಳ 4,556 ನವಜಾತರಲ್ಲಿ ಅರ್ಧದಷ್ಟು ಮಂದಿಗೆ ಏಳು ದಿನ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟೇರಮ್ ಮತ್ತು ಅದರ ಆಹಾರವಾದ ಒಂದು ಸಕ್ಕರೆ ಕೊಟ್ಟರು. ರಕ್ತದ ಸೋಂಕು ಅಥವಾ ಸಾವು ಶೇಕಡ 9ರಿಂದ 5.4ಕ್ಕೆ ಇಳಿಯಿತೆಂದು 2017ರಲ್ಲಿ ಪ್ರಕಟವಾಯಿತು. ದೊಡ್ಡ ಸಾಧನೆ. ಆದರೆ ಆ ಮಕ್ಕಳು ಎರಡು ಕಿಲೋಗಿಂತ ಹೆಚ್ಚು ತೂಕದವರು, 35 ವಾರ ದಾಟಿದವರು. ಪೆಟ್ಟಿಗೆಯಲ್ಲಿರುವ ಒಂದು ಕಿಲೋದ ಕೂಸಿಗೆ ಆ ಫಲವನ್ನು ಹಾಗೆಯೇ ಅನ್ವಯಿಸುವಂತಿಲ್ಲ.

ಇನ್ನು ಮೊದಲ ದಾರಿ, ಬೇರೆ ತಾಯಿಯ ಹಾಲು. ಜಗತ್ತಿನ ಮೊದಲ ಎದೆಹಾಲಿನ ಬ್ಯಾಂಕ್ ತೆರೆದದ್ದು 1909ರಲ್ಲಿ, ವಿಯೆನ್ನಾದಲ್ಲಿ. ತೆರೆದವನು ಬೇರೆ ಯಾರೂ ಅಲ್ಲ, ಥಿಯೋಡರ್ ಎಶೆರಿಕ್. ಕರುಳಿನ ಬ್ಯಾಕ್ಟೀರಿಯಾಗಳನ್ನು ಎಣಿಸುತ್ತಾ ಹೊರಟವನು ಕಾಲು ಶತಮಾನದ ಮೇಲೆ ಬಂದು ನಿಂತದ್ದು ಹಾಲಿನ ಬಳಿ. ಎರಡು ವರ್ಷಗಳಲ್ಲಿ ಅವನು ತೀರಿಕೊಂಡ. ಏಷ್ಯಾದ ಮೊದಲ ಹಾಲಿನ ಬ್ಯಾಂಕ್ 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಅವರಿಂದ ಆರಂಭವಾಯಿತು. ಧಾರಾವಿಯ ಪಕ್ಕದ ಆ ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೂ ಮೊದಲೇ ಅವರು ಡಬ್ಬಿ ಹಾಲು ನಿಲ್ಲಿಸಿ, ತಾಯಂದಿರನ್ನೇ ಘಟಕದೊಳಗೆ ಕರೆತಂದು ಮಕ್ಕಳ ಆರೈಕೆಗೆ ಹಚ್ಚಿದ್ದರು. 2017ರಲ್ಲಿ ಕೇಂದ್ರ ಸರ್ಕಾರ ಇಂಥ ಬ್ಯಾಂಕುಗಳಿಗೆ ಮಾರ್ಗಸೂಚಿ ಹೊರಡಿಸಿತು. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ‘ಅಮೃತಧಾರೆ’ ಆರಂಭವಾಯಿತು.

ದಾನದ ಹಾಲು ಎನ್.ಇ.ಸಿ.ಯನ್ನು ಡಬ್ಬಿ ಹಾಲಿಗಿಂತ ಚೆನ್ನಾಗಿ ತಡೆಯುತ್ತದೆ. ತಾಯಿಯ ಸ್ವಂತ ಹಾಲಿನಷ್ಟಲ್ಲ. ಯಾಕೆಂದರೆ ಬೇರೆಯವರ ಹಾಲಿನಿಂದ ಸೋಂಕು ಬಾರದಿರಲಿ ಎಂದು ಅದನ್ನು 62.5 ಡಿಗ್ರಿ ಶಾಖದಲ್ಲಿ ಅರ್ಧ ಗಂಟೆ ಇಡಬೇಕು. ಸಕ್ಕರೆಗಳು ಉಳಿಯುತ್ತವೆ, ರಕ್ಷಕ ಪ್ರೋಟೀನುಗಳು ಒಂದಿಷ್ಟು ಹಾಳಾಗುತ್ತವೆ, ಬ್ಯಾಕ್ಟೀರಿಯಾಗಳು ಒಳ್ಳೆಯವು ಕೆಟ್ಟವು ಎನ್ನದೆ ಎಲ್ಲವೂ ಸಾಯುತ್ತವೆ. ಊಟವಿದೆ, ಉಣ್ಣುವ ಒಕ್ಕಲಿಲ್ಲ. ಫ್ಲಾರಿಡಾದ ಕೆಲವು ಶಿಶುವೈದ್ಯರು ಇದಕ್ಕೆ 2017ರಲ್ಲಿ ಒಂದು ಉಪಾಯ ಪ್ರಯತ್ನಿಸಿದರು. ಮಗುವಿನ ತಾಯಿಗೆ ಬರುವ ಹಾಲು ಸಾಲದು, ಆದರೆ ಒಂದಿಷ್ಟು ಬರುತ್ತದೆಯಲ್ಲ? ಕಾಯಿಸಿ ಆರಿಸಿದ ದಾನದ ಹಾಲಿಗೆ ಆ ತಾಯಿಯ ಹಸಿ ಹಾಲನ್ನು ಹತ್ತಕ್ಕೆ ಒಂದು ಪಾಲು, ಇಲ್ಲವೇ ಮೂರು ಪಾಲಿನಷ್ಟು ಬೆರೆಸಿ ಮೈಯ ಬಿಸಿಯಷ್ಟೇ ಬೆಚ್ಚಗೆ, 37 ಡಿಗ್ರಿಯಲ್ಲಿ ಇಟ್ಟರು. ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಹೆಪ್ಪು ಹಾಕುವುದು ಎನ್ನುತ್ತಾರೆ. ನಾಲ್ಕು ಗಂಟೆಗಳ ಮೇಲೆ ನೋಡಿದಾಗ ದಾನದ ಹಾಲಿನಲ್ಲಿ ಆ ತಾಯಿಯ ಹಾಲಿನದೇ ಬ್ಯಾಕ್ಟೀರಿಯಾಗಳು ಬೆಳೆದುಕೊಂಡಿದ್ದವು.